ಪೋರ್ಚುಗಲ್ಲಿನಲ್ಲಿ ಊಟ ತಯಾರಿದೆ

ನಮ್ಮ ಊರಿನಿಂದ ಒಂದು ಸಲಕ್ಕೆ ಒಬ್ಬರು ಮಾತ್ರ ಹೊರಗೆ ಹೋಗಬಹುದು. ಒಬ್ಬರು ಹೋಗಿದ್ದಾಗ ಇನ್ನೊಬ್ಬರು ಹೊರಟರೆ, ಪಡುವಣ ಸೇತುವೆ ದಾಟಿದವರು ಮೂಡಣ ಹುಣಸೆ ತೋಪಿನ ಕಡೆಯಿಂದ ಊರೊಳಕ್ಕೇ ಬಂದುಬಿಡುತ್ತಾರೆ. ಬಸ್ಸಿನಲ್ಲಿ ಕೂತರೂ ಅಷ್ಟೆ. ಬಸ್ಸು ಅದರ ಪಾಡಿಗೆ ಮುಂದೆ ಹೋಗುತ್ತದೆ, ಕೂತವರು ಮಾತ್ರ ಚೀಲ ಹಿಡಿದುಕೊಂಡು ಹುಣಸೆ ತೋಪಿನಲ್ಲಿ ನಿಂತಿರುತ್ತಾರೆ. ಹೊರಗಿನವರಿಗೆ ಈ ತೊಡಕಿಲ್ಲ. ಬಟ್ಟೆ ವ್ಯಾಪಾರಿಗಳು, ಡಾಕ್ಟರು, ಐಸ್‌ಕ್ರೀಮಿನವರು ಬರುತ್ತಾರೆ, ಹೋಗುತ್ತಾರೆ. ನಮಗೆ ಮಾತ್ರ ಸರದಿ. ಮಗುವಿಗೆ ಹೆಸರಿಡುವ ದಿನವೇ ಪೋಸ್ಟಾಫೀಸಿನ ಡಬ್ಬದಿಂದ ಒಂದು ಚೀಟಿ ಎತ್ತುತ್ತಾರೆ, ಅದರಲ್ಲಿದ್ದ ನಂಬರು ಜೀವಮಾನಕ್ಕೆ. ಒಬ್ಬರಿಗೆ ಒಂದೇ ಸರದಿ, ನಲವತ್ತು ದಿನ. ಹೋಗುವುದೇ ಒಂದು ಸಲ ಅಂದ ಮೇಲೆ ಪಕ್ಕದ ತಾಲ್ಲೂಕಿಗೆ ಯಾರು ಹೋಗುತ್ತಾರೆ? ಹಾಗಾಗಿ ಹೊರದೇಶಕ್ಕೇ ಹೋಗುವುದು ನಮ್ಮಲ್ಲಿ ರೂಢಿ, ಖರ್ಚು ಊರಿನದು. ಹಿಂದೆ ಯಾರೋ ಬ್ರೆಜಿಲಿಗೆ ಹೋದವರು ಮೂರು ವರ್ಷ ಅಲ್ಲೇ ಉಳಿದುಬಿಟ್ಟಿದ್ದರಂತೆ. ಅವರ ಮೊಮ್ಮಕ್ಕಳನ್ನು ಇವತ್ತಿಗೂ ಬ್ರೆಜಿಲ್ ಮನೆಯವರು ಎಂದೇ ಕರೆಯುತ್ತೇವೆ, ಪ್ರೀತಿಯಿಂದೇನೂ ಅಲ್ಲ.

ಬೋರ್ಡು ಬರೆಯುವುದು ನನ್ನ ಕಸುಬು, ಹೆಸರು ಕೆಂಪರಾಜು. ಊರಿನ ಯಾವ ಅಂಗಡಿಯ ಮುಂದೆ ನಿಂತು ತಲೆ ಎತ್ತಿದರೂ ನನ್ನ ಅಕ್ಷರವೇ ಕಾಣುತ್ತದೆ. ಒಬ್ಬರಿಗೆ ಒಂದೇ ಸರದಿ ಎಂದೆನಲ್ಲ, ಆದರೂ ನಾನು ಹದಿನಾಲ್ಕು ದೇಶ ನೋಡಿದ್ದೇನೆ. ಅದೂ ನನ್ನ ಸರದಿ ಬರುವ ಮುಂಚೆಯೇ. ಅದು ಹೇಗಾಯಿತೆಂದು ಹೇಳುತ್ತೇನೆ.

ಮದುವೆಯಾದ ವರ್ಷವೇ ನನ್ನ ಹೆಂಡತಿ ಜಯಶೀಲಾಳ ಸರದಿ ಬಂತು. ಆಗ ಅವಳ ತಾಯಿ ಜಾರಿಬಿದ್ದು ಕಾಲು ಮುರಿದುಕೊಂಡಿದ್ದರು. ಸರದಿ ತಪ್ಪಿದರೆ ಹೋಯಿತು, ಬೇರೆಯವರಿಗೆ ಕೊಡಬಹುದು ಅಷ್ಟೆ. “ನೀವೇ ಹೋಗಿ ಬನ್ನಿ, ನನಗೆ ಬಂದು ಹೇಳಿ” ಅಂದಳು. ಹಾಗಾಗಿ ನಮ್ಮ ಹನಿಮೂನಿಗೆ ನಾನೊಬ್ಬನೇ ನಾರ್ವೆಗೆ ಹೋದೆ.

ನಾರ್ವೆಯ ಬಡಗಣ ತುದಿಯ ಒಂದು ಸಣ್ಣ ಬಂದರಿನಲ್ಲಿ ಗಡಿಯಾರ ರಾತ್ರಿಯ ಹನ್ನೆರಡು ಹೊಡೆಯುವಾಗಲೂ ನೀರಿನ ಮೇಲೆ ಬಿಸಿಲು ಬಿದ್ದಿತ್ತು. ಸೂರ್ಯ ಮುಳುಗಲೇ ಇಲ್ಲ. ಆ ಬಿಸಿಲಿನಲ್ಲಿ ಒಬ್ಬ ಮುದುಕ ಬಲೆ ಹೊಲಿಯುತ್ತ ಕೂತಿದ್ದ. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟ, ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕೊಟ್ಟ, ಮತ್ತೆ ಬಲೆ ಹೊಲಿಯತೊಡಗಿದ. ಒಂದು ಮಾತಿಲ್ಲ. ಅಷ್ಟು ನೆಮ್ಮದಿಯಾಗಿ ಇನ್ನೊಬ್ಬರ ಪಕ್ಕದಲ್ಲಿ ನಾನು ಅದುವರೆಗೆ ಕೂತಿರಲಿಲ್ಲ.

ಹೋಗಿ ಬಂದವರು ಮೂರನೆಯ ದಿನ ಸಂಜೆ ಶಾಲೆಯ ಬಯಲಿನಲ್ಲಿ ನಿಂತು ಕಂಡದ್ದನ್ನು ಹೇಳಬೇಕು. ನಾನು ಇದನ್ನೇ ಹೇಳಿದೆ. ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಹೋಟೆಲಿನ ನಂಜುಂಡಯ್ಯನವರು ಎದ್ದು, “ಅಲ್ಲಯ್ಯಾ ಕೆಂಪರಾಜ, ಹೊಸದಾಗಿ ಮದುವೆಯಾದವನು, ಹೊತ್ತು ಗೊತ್ತು ತಿಳೀದೆ ಹೋಗಿರಬೇಕು. ಗಡಿಯಾರಕ್ಕೆ ಕೀ ಕೊಡೋದು ಮರೆತಿದ್ಯೇನೋ ನೋಡ್ಕೋ” ಅಂದರು. ಬಯಲಿಗೆ ಬಯಲೇ ನಕ್ಕಿತು. ಶಾಲೆಯಲ್ಲಿ ನನಗೆ ಭೂಗೋಳ ಕಲಿಸಿದ್ದ ಅನಸೂಯಾ ಮೇಡಂ ಒಬ್ಬರೇ ಎದ್ದು ನಿಂತು, “ಅವನು ಹೇಳ್ತಿರೋದು ನಿಜ. ಭೂಮಿ ವಾಲಿಕೊಂಡು ತಿರುಗುತ್ತೆ” ಎಂದರು. “ಮೇಡಂ ಪಾಠ ಶುರು ಮಾಡಿದ್ರು” ಅಂತ ಜನ ಇನ್ನಷ್ಟು ನಕ್ಕರು. ಹೆಂಗಸರ ಸಾಲಿನಲ್ಲಿ ಜಯಶೀಲಾ ತಲೆ ತಗ್ಗಿಸಿ ಸೆರಗಿನ ತುದಿ ತಿರುಚುತ್ತಿದ್ದಳು. ಅವಳ ಸರದಿಯನ್ನು ನಾನು ನಗೆಪಾಟಲು ಮಾಡಿ ತಂದಿದ್ದೆ.

ಎರಡು ವರ್ಷದ ನಂತರ ನಂಜುಂಡಯ್ಯನವರದೇ ಸರದಿ ಬಂತು. ಅವರಿಗೆ ಆಗಲೇ ಮಂಡಿನೋವು. ನಮ್ಮಲ್ಲಿ ಸರದಿ ಬರುವ ಹೊತ್ತಿಗೆ ಬಹಳ ಜನಕ್ಕೆ ಮಂಡಿನೋವೂ ಬಂದಿರುತ್ತದೆ. “ನೀನು ಒಂದು ಸಲ ಹೋಗಿ ಬಂದವನು, ದಾರಿ ಗೊತ್ತು. ಪೋರ್ಚುಗಲ್ ನೋಡ್ಕೊಂಡು ಬಾ. ಆ ಹೆಸರು ಕೇಳೋಕೆ ಚೆನ್ನಾಗಿದೆ” ಎಂದು ಸರದಿ ಚೀಟಿಯನ್ನು ನನ್ನ ಕೈಗಿಟ್ಟರು. ಪೋರ್ಟೋ ಎಂಬ ನದಿದಂಡೆಯ ಊರಿನಲ್ಲಿ ಇಳಿದ ಎರಡನೆಯ ದಿನವೇ ನನಗೆ ಕಾಮಾಲೆ ಹಿಡಿಯಿತು. ಮೂವತ್ತು ದಿನ ಒಂದು ಬಾಡಿಗೆ ಕೋಣೆಯಲ್ಲಿ ಚಾವಣಿ ನೋಡಿಕೊಂಡು ಮಲಗಿದ್ದೆ. ಮನೆಯೊಡತಿಯ ಹೆಸರು ಲೂರ್ಡಿಸ್, ವಯಸ್ಸಾದ ವಿಧವೆ. ದಿನಕ್ಕೆ ಎರಡು ಹೊತ್ತು ಸೊಪ್ಪು, ಆಲೂಗಡ್ಡೆ ಹಾಕಿದ ಗಟ್ಟಿ ಸಾರು ತಂದು, ಬ್ರೆಡ್ಡು ಅದ್ದಿ ಬಾಯಿಗಿಡುತ್ತಿದ್ದಳು. ನಾನು ಬೇಡವೆಂದರೆ ಅವಳ ಭಾಷೆಯಲ್ಲಿ ಬೈಯುತ್ತಿದ್ದಳು. ನನ್ನ ತಾಯಿ ಬೈಯುತ್ತಿದ್ದ ಧಾಟಿಯೇ ಆದ್ದರಿಂದ ಅರ್ಥವಾಗಲಿಲ್ಲ ಎನ್ನುವಂತಿರಲಿಲ್ಲ. ಎದ್ದು ಓಡಾಡುವಷ್ಟು ಆಗುವ ಹೊತ್ತಿಗೆ ಹೊರಡುವ ದಿನ ಬಂದಿತ್ತು.

ಬಯಲಿನ ಮುಂದಿನ ಸಾಲಿನಲ್ಲಿ ನಂಜುಂಡಯ್ಯನವರು ಇಸ್ತ್ರಿ ಮಾಡಿದ ಪಂಚೆಯುಟ್ಟು, ಕಾಲು ಚಾಚಿಕೊಂಡು ಕೂತಿದ್ದರು. ಅವರ ಜೀವಮಾನದ ಒಂದೇ ಸರದಿಯನ್ನು ಹಾಸಿಗೆಯಲ್ಲಿ ಕಳೆದೆ ಎಂದು ಹೇಗೆ ಹೇಳಲಿ? ಬಾಯಿ ತೆರೆದೆ, ಅದರಷ್ಟಕ್ಕೆ ಅದು ಮಾತಾಡಿತು. ಪೋರ್ಚುಗಲ್ಲಿನಲ್ಲಿ ಮುನ್ನೂರು ಗಡಿಯಾರಗಳ ಒಂದು ಗೋಪುರವಿದೆ, ಒಂದೊಂದು ಗಡಿಯಾರವೂ ಒಂದೊಂದು ಊರಿನ ಹೊತ್ತು ತೋರಿಸುತ್ತದೆ, ಒಂದು ನಮ್ಮೂರಿನದು ಎಂದೆ. ಮೀನಿನ ಸಂತೆಯಲ್ಲಿ ಚೌಕಾಸಿ ಇಲ್ಲ, ಹಾಡಬೇಕು, ಚೆನ್ನಾಗಿ ಹಾಡಿದವರಿಗೆ ದೊಡ್ಡ ಮೀನು ಎಂದೆ. ಯಾರೂ ನಗಲಿಲ್ಲ. ನಂಜುಂಡಯ್ಯನವರು ಕಣ್ಣೊರೆಸಿಕೊಂಡರು. “ನಮ್ಮೂರಿನ ಹೊತ್ತು ಎಷ್ಟು ತೋರಿಸ್ತಿತ್ತಯ್ಯ?” ಎಂದು ಕೇಳಿದರು. “ಸರಿಯಾಗೇ ಇತ್ತು” ಅಂದೆ. ಮರುವಾರ ಅವರ ಹೋಟೆಲಿಗೆ ಹೊಸ ಬೋರ್ಡು ಬರೆದುಕೊಟ್ಟೆ: ಪೋರ್ಚುಗಲ್ ಟಿಫಿನ್ ರೂಮ್.

ಅಲ್ಲಿಂದ ಮುಂದೆ ಮಂಡಿನೋವಿನವರೆಲ್ಲ ನನ್ನನ್ನೇ ಹುಡುಕಿಕೊಂಡು ಬರತೊಡಗಿದರು. ಜಾರ್ಜಿಯಾದಲ್ಲಿ ನಾನು ತಪ್ಪು ಬಸ್ಸು ಹತ್ತಿ, ಹೆಸರು ಗೊತ್ತಿಲ್ಲದ ಹಳ್ಳಿಯೊಂದರಲ್ಲಿ ಇಳಿದು, ಒಬ್ಬ ರೈತನ ದ್ರಾಕ್ಷಿ ಬಳ್ಳಿಗೆ ಊರೆಗೋಲು ಕಟ್ಟುತ್ತ ಹನ್ನೊಂದು ದಿನ ಇದ್ದೆ. ಊಟಕ್ಕೆ ಮುಂಚೆ ಆತ ಲೋಟ ಎತ್ತಿ ದೊಡ್ಡ ಭಾಷಣ ಮಾಡುತ್ತಿದ್ದ. ಅದರಲ್ಲಿ ನನ್ನ ಹೆಸರು ಬರುತ್ತಿತ್ತು, ಮನೆಯವರೆಲ್ಲ ನನ್ನ ಕಡೆ ನೋಡಿ ತಲೆದೂಗುತ್ತಿದ್ದರು. ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತು ಯಾರೂ ಆಡಿರಲಿಲ್ಲ ಅನ್ನಿಸುತ್ತದೆ, ಒಂದೂ ಅರ್ಥವಾಗಲಿಲ್ಲ. ಮಂಗೋಲಿಯಾದಲ್ಲಿ ಮೂರು ದಿನ ಧೂಳುಗಾಳಿ ಬೀಸಿ, ಗುಂಡನೆಯ ಗುಡಾರದೊಳಗೆ ಒಂದು ಸಂಸಾರದ ಜೊತೆ ಸಿಕ್ಕಿಬಿದ್ದೆ. ಅವರ ಅಜ್ಜಿ ಕುರಿಯ ಮೂಳೆಗಳಲ್ಲಿ ಚೌಕಾಬಾರದಂಥ ಒಂದು ಆಟ ಕಲಿಸಿ, ಮೂರು ದಿನವೂ ನನ್ನನ್ನು ಸೋಲಿಸಿದಳು, ಮೋಸ ಮಾಡಿ. ನನಗೆ ಪ್ರೀತಿಯ ದೇಶಗಳೆಂದರೆ ಇವು. ಆದರೆ ಇವನ್ನು ಬಯಲಿನಲ್ಲಿ ಹೇಳುವಂತಿಲ್ಲ. ಅಲ್ಲಿ ಹೇಳಿದ್ದು, ಜಾರ್ಜಿಯಾದಲ್ಲಿ ಬೆಟ್ಟಗಳು ಹೆಸರು ಹಿಡಿದು ಕರೆದರೆ ಓಗೊಡುತ್ತವೆ ಎಂದು, ಮಂಗೋಲಿಯಾದಲ್ಲಿ ಕುದುರೆಗಳೇ ಸವಾರರನ್ನು ಆರಿಸಿಕೊಳ್ಳುತ್ತವೆ ಎಂದು. ಊರಿನಲ್ಲಿ ಜಾರ್ಜಿಯಾ ಬೇಕರಿ ಬಂತು, ಮಂಗೋಲಿಯಾ ಸೈಕಲ್ ಶಾಪ್ ಬಂತು. ಎಲ್ಲದಕ್ಕೂ ಬೋರ್ಡು ನನ್ನದೇ.

ಹೀಗಿರುವಾಗ ಹೋದ ವರ್ಷ ಅನಸೂಯಾ ಮೇಡಂ ಅವರ ಸರದಿ ಬಂತು. ಮೂವತ್ತನಾಲ್ಕು ವರ್ಷ ಊರಿನ ಮಕ್ಕಳಿಗೆ ಪ್ರಪಂಚ ತೋರಿಸಿ, ಸೇತುವೆ ದಾಟದೆ ನಿವೃತ್ತರಾದವರು ಅವರು. ಅವರೂ ನನಗೇ ಕೊಡುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಅವರೇ ಮನೆಗೆ ಬಂದು ಜಗಲಿಯ ಮೇಲೆ ಕೂತರು.

“ಕೆಂಪರಾಜು, ನಾನೇ ಹೋಗ್ತಿದೀನಿ.”

“ಬಹಳ ಸಂತೋಷ ಮೇಡಂ. ಯಾವ ದೇಶಕ್ಕೆ?”

“ಪೋರ್ಚುಗಲ್‌ಗೆ. ದಿನಾ ಬೆಳಿಗ್ಗೆ ಅದರ ಬೋರ್ಡಿನ ಕೆಳಗೇ ಕಾಫಿ ಕುಡೀತೀನಲ್ಲ. ಆ ಗೋಪುರ ಎಲ್ಲಿದೆ, ಮೀನಿನ ಸಂತೆ ಎಲ್ಲಿದೆ, ನೀನು ಉಳ್ಕೊಂಡಿದ್ದ ಜಾಗ ಯಾವುದು, ಎಲ್ಲಾ ಬರೆದುಕೊಡು.”

“ಮೇಡಂ, ಅದಕ್ಕಿಂತ ಸ್ವಿಟ್ಜರ್ಲೆಂಡ್ ಚೆನ್ನಾಗಿರುತ್ತೆ. ಅಲ್ಲಿ ಹಸುಗಳಿಗೆ ಗಂಟೆ ಕಟ್ತಾರೆ.”

“ಇಲ್ಲೂ ಕಟ್ತಾರೆ. ನೀನು ವಿಳಾಸ ಬರಿ.”

ಆಗ ನಿಜ ಹೇಳಬಹುದಿತ್ತು. ಒಳಗಿನಿಂದ ಜಯಶೀಲಾ ಕಾಫಿ ಹಿಡಿದುಕೊಂಡು ಬಂದಳು. ಗೋಪುರದ ವಿಳಾಸ ಮರೆತಿದೆ ಎಂದೆ. ಲೂರ್ಡಿಸಳ ಮನೆಯ ವಿಳಾಸ ಮಾತ್ರ ಬರೆದುಕೊಟ್ಟೆ, ಗೊತ್ತಿದ್ದದ್ದು ಅದೊಂದೇ.

ಮೇಡಂ ಹೊರಟ ಹದಿನೈದನೆಯ ದಿನ ಮೊದಲ ಕಾರ್ಡು ಬಂತು. ಪೋಸ್ಟ್ ಮಾಸ್ತರ್ ಜಬ್ಬಾರ್ ಸಾಹೇಬರು ಹೊರಗಿನಿಂದ ಬಂದ ಕಾರ್ಡುಗಳನ್ನು ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಓದುವುದು ವಾಡಿಕೆ. “ಕ್ಷೇಮ. ಕೆಂಪರಾಜು ಹೇಳಿದ ಗೋಪುರ ಹುಡುಕುತ್ತಿದ್ದೇನೆ. ಇಲ್ಲಿಯವರಿಗೆ ಗೊತ್ತಿಲ್ಲ” ಎಂದು ಓದಿದರು. “ಅಲ್ಲಿಯವರಿಗೇ ಗೊತ್ತಿಲ್ವಂತೆ, ನಮ್ಮ ಕೆಂಪರಾಜುಗೆ ಗೊತ್ತಿದೆ ನೋಡಿ” ಎಂದು ನಂಜುಂಡಯ್ಯನವರು ಹೆಮ್ಮೆಪಟ್ಟರು. ವಾರ ಬಿಟ್ಟು ಎರಡನೆಯದು ಬಂತು. “ಹನ್ನೊಂದು ಜನರನ್ನು, ಒಬ್ಬ ಪೋಲೀಸನನ್ನು ಕೇಳಿದೆ. ಗೋಪುರ ಇಲ್ಲ. ಮೀನಿನ ಸಂತೆಯಲ್ಲಿ ನಾನೇ ಒಂದು ಹಾಡು ಹೇಳಿ ನೋಡಿದೆ. ಬಂದು ಮಾತಾಡುತ್ತೇನೆ.” ಈ ಸಲ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಆಕಾಶ ನೋಡಿದೆ.

ಮರುದಿನ ಬೆಳಿಗ್ಗೆ ನಾನು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ಈಗಲೂ ನಾಚಿಕೆ. ಎರಡು ಜೊತೆ ಬಟ್ಟೆ, ಬ್ರಶ್ಶುಗಳನ್ನು ಚೀಲಕ್ಕೆ ತುಂಬಿಕೊಂಡು, ಜಯಶೀಲಾ ಹಾಲಿಗೆ ಹೋದಾಗ ಮನೆ ಬಿಟ್ಟು ಸೇತುವೆ ಕಡೆ ಓಡಿದೆ. ಒಬ್ಬರು ಹೊರಗಿದ್ದಾರೆ ಎನ್ನುವುದು ಆ ಗಾಬರಿಯಲ್ಲಿ ತಲೆಗೇ ಹೋಗಲಿಲ್ಲ. ಸೇತುವೆಯ ಕೊನೆಯ ಕಂಬ ದಾಟಿ ಉಸಿರು ಬಿಟ್ಟು ತಲೆ ಎತ್ತಿದರೆ ಹುಣಸೆ ತೋಪು. ಅಲ್ಲಿಂದ ಮನೆಗೆ ಬರಬೇಕೆಂದರೆ ಊರಿನ ಇಡೀ ಪೇಟೆ ಬೀದಿ ಹಾಯಬೇಕು. ಚೀಲ ಹೆಗಲಿಗೇರಿಸಿಕೊಂಡು, ನಾನೇ ಬರೆದ ಬೋರ್ಡುಗಳ ಕೆಳಗೆ, ಜಾರ್ಜಿಯಾದಿಂದ ಮಂಗೋಲಿಯಾ, ಮಂಗೋಲಿಯಾದಿಂದ ಪೋರ್ಚುಗಲ್ ಎಂದು ನಡೆದುಬಂದೆ. ನಂಜುಂಡಯ್ಯನವರು ಬಾಗಿಲಲ್ಲಿ ನಿಂತಿದ್ದರು. ಏನೂ ಕೇಳಲಿಲ್ಲ, ಒಳಗೆ ಕರೆದು ಕಾಫಿ ಕೊಟ್ಟರು. ಕೇಳಿದ್ದರೇ ವಾಸಿಯಾಗಿತ್ತು.

ಮನೆಯಲ್ಲಿ ಜಯಶೀಲಾ ಚೀಲ ಬಿಚ್ಚಿ ಬಟ್ಟೆ ವಾಪಸು ಗೂಟಕ್ಕೆ ಹಾಕಿದಳು. “ಎಷ್ಟು ಸುಳ್ಳು?” ಎಂದು ಕೇಳಿದಳು.

“ನಾರ್ವೆ ಒಂದು ಬಿಟ್ಟು ಎಲ್ಲಾ” ಅಂದೆ.

ಅವಳು ಖಾಲಿ ಚೀಲವನ್ನು ಮಡಚಿ ಗೂಡಿಗಿಟ್ಟಳು. ಆಮೇಲೆ, “ಜಾರ್ಜಿಯಾದ ಬೆಟ್ಟ ನನಗೆ ಬಹಳ ಇಷ್ಟವಾಗಿತ್ತು ಕಣ್ರೀ” ಎಂದಳು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ನಲವತ್ತನೆಯ ದಿನ ಮೇಡಂ ಬಸ್ಸಿಳಿದರು. ಬಿಸಿಲಿಗೆ ಮುಖ ಕಪ್ಪಾಗಿತ್ತು, ಕಾಲಲ್ಲಿ ಹೊಸ ಬೂಟು. ಮೂರನೆಯ ದಿನ ಸಂಜೆ ಬಯಲಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಮೇಡಂ ತರಗತಿಯಲ್ಲಿ ನಿಲ್ಲುವ ಹಾಗೆಯೇ ನಿಂತು ಶುರು ಮಾಡಿದರು.

“ಮುನ್ನೂರು ಗಡಿಯಾರದ ಗೋಪುರ ಇಲ್ಲ. ಮೀನಿನ ಸಂತೆಯಲ್ಲಿ ಹಾಡು ಹೇಳಿದರೆ ಮೀನು ಕೊಡಲ್ಲ, ಆಚೆ ಹೋಗು ಅಂತಾರೆ.” ಮುಂದಿನ ಸಾಲಿನವರು ಹಿಂದೆ ತಿರುಗಿ ನನ್ನನ್ನು ಹುಡುಕಿದರು. “ಇನ್ನೇನು ವಾಪಸು ಬಂದುಬಿಡೋಣ ಅಂತಿದ್ದೆ. ಕೈಯಲ್ಲಿ ಒಂದು ವಿಳಾಸ ಇತ್ತಲ್ಲ, ಅದೊಂದು ನೋಡೋಣ ಅಂತ ಹೋದೆ. ಇಕ್ಕಟ್ಟಾದ ಬೀದಿ. ಒಂದು ಮನೆಯ ಬಾಗಿಲ ಮೇಲೆ, ಕೆಂಪು ಬಣ್ಣದಲ್ಲಿ, ನಮ್ಮ ಕೆಂಪರಾಜು ಅಕ್ಷರದಲ್ಲಿ, ಕನ್ನಡದಲ್ಲಿ ಏನು ಬರೆದಿತ್ತು ಗೊತ್ತಾ? ‘ಊಟ ತಯಾರಿದೆ.’”

ನಾನು ಅದನ್ನು ಮರೆತೇಬಿಟ್ಟಿದ್ದೆ. ಹೊರಡುವ ಹಿಂದಿನ ದಿನ, ಕೊಡಲು ಬೇರೇನೂ ಇಲ್ಲದೆ, ಲೂರ್ಡಿಸಳಿಗೆ ಬಾಗಿಲ ಮೇಲೆ ಏನಾದರೂ ಬರೆದುಕೊಡುತ್ತೇನೆಂದು ಕೈಸನ್ನೆಯಲ್ಲಿ ಹೇಳಿದ್ದೆ. ಎಷ್ಟೋ ಹೋಟೆಲಿಗೆ ಬರೆದು ರೂಢಿಯಾದ ಅಕ್ಷರ ತಾನಾಗಿಯೇ ಬಂದಿತ್ತು.

“ಆ ಅಜ್ಜಿಗೆ ಎಂಬತ್ತು ದಾಟಿದೆ. ನಾನು ಇವನ ಊರಿನವಳು ಅಂತ ಗೊತ್ತಾದ ಕೂಡಲೇ ಕೈ ಹಿಡಿದು ಬಾಗಿಲ ಹತ್ತಿರ ಎಳ್ಕೊಂಡು ಹೋದಳು, ಇದನ್ನ ಓದು ಅಂತ. ಇಷ್ಟು ವರ್ಷ ಆ ಬೀದಿಯವರು ಅದನ್ನ ಮಂತ್ರ ಅಂದ್ಕೊಂಡಿದ್ರಂತೆ. ಪರೀಕ್ಷೆಗೆ ಹೋಗೋ ಮಕ್ಕಳು ಅದನ್ನ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗೋರಂತೆ. ಆ ಬೀದಿಯ ಇಂಗ್ಲಿಷ್ ಬರೋ ಹುಡುಗಿಯೊಬ್ಬಳ ಕೈಲಿ ಅರ್ಥ ಹೇಳಿಸಿದೆ. ಅಜ್ಜಿ ನಕ್ಕೂ ನಕ್ಕೂ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಮೇಲೆ ಆ ಹಳದಿ ಮುಖದ ಹುಡುಗ ಹೇಗಿದಾನೆ, ಕಾಯಿಲೆ ಮತ್ತೆ ಬಂತಾ ಅಂತ ಕೇಳಿದಳು. ತಿಂಗಳು ಪೂರ್ತಿ ಮಲಗಿದ್ದನಂತೆ ಇವನು. ಪೋರ್ಚುಗಲ್ ಅಂದ್ರೆ ಇವನಿಗೆ ಒಂದು ಚಾವಣಿ, ಒಂದು ಸಾರು, ಅಷ್ಟೆ.” ಮೇಡಂ ತಮ್ಮ ಹೊಸ ಬೂಟಿನ ಕಡೆ ನೋಡಿಕೊಂಡರು. “ನಾನೂ ಹೆಚ್ಚೇನೂ ನೋಡಲಿಲ್ಲ. ಮಿಕ್ಕ ದಿನ ಆ ಮನೇಲೇ ಇದ್ದುಬಿಟ್ಟೆ. ಪುಸ್ತಕದಲ್ಲಿ ಆ ದೇಶದ ನದಿ, ಬೆಟ್ಟ, ಬೆಳೆ ಎಲ್ಲಾ ಬಾಯಿಪಾಠ ಮಾಡ್ಸಿದ್ದೆ. ಆ ಬೀದಿ ಪುಸ್ತಕದಲ್ಲಿರಲಿಲ್ಲ.”

ಬಯಲು ಗುಜುಗುಜು ಅಂದಿತು. ನಂಜುಂಡಯ್ಯನವರು ಮಂಡಿ ಹಿಡಿದುಕೊಂಡು ಎದ್ದು ನಿಂತರು. ನನ್ನ ಕಡೆ ತಿರುಗಿ, “ಕೆಂಪರಾಜ, ನನಗೆ ಯಾಕೆ ಹೇಳಲಿಲ್ಲ?” ಎಂದರು.

“ನಿಮ್ಮ ಸರದಿ ಹಾಳು ಮಾಡಿದ್ದೆ. ಹೇಗೆ ಹೇಳಲಿ ಯಜಮಾನರೇ?”

“ಸಾಯೋ ಹಾಗಿದ್ದೆಯಾ?”

“ಒಂದೆರಡು ದಿನ ಹಾಗೇ ಅನ್ನಿಸಿತ್ತು.”

“ಮತ್ತೆ ನಾನು ಹೋಗಿದ್ರೆ ನನಗೇ ಬರ್ತಿತ್ತಲ್ಲೋ ಆ ಕಾಮಾಲೆ” ಎಂದು ಅವರು ಯೋಚನೆ ಮಾಡುತ್ತ ಕೂತರು. ಕೂತವರು ಮತ್ತೆ ಎದ್ದು, “ಆ ಸಾರಿಗೆ ಏನೇನು ಹಾಕ್ತಾಳಂತೆ?” ಎಂದು ಮೇಡಂ ಅವರನ್ನು ಕೇಳಿದರು. ಅಲ್ಲಿಂದ ಎಲ್ಲರೂ ಕೇಳತೊಡಗಿದರು. ಬೇಕರಿಯವನು ಜಾರ್ಜಿಯಾ ಕೇಳಿದ, ಸೈಕಲ್ ಶಾಪಿನವನು ಮಂಗೋಲಿಯಾ ಕೇಳಿದ. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ತಡವರಿಸಿ, ಹಿಂದುಮುಂದಾಗಿ ಹೇಳಿದೆ. ನಿಜ ಹೇಳಿ ಅಭ್ಯಾಸವಿರಲಿಲ್ಲ. ಕೆಲವರು ಮಧ್ಯದಲ್ಲೇ ಎದ್ದು ಹೋದರು. ಸೈಕಲ್ ಶಾಪಿನವನು ಕುದುರೆಯ ಕಥೆಯೇ ಚೆನ್ನಾಗಿತ್ತು, ಬೋರ್ಡು ಅಳಿಸಲ್ಲ ಎಂದು ಹಟ ಹಿಡಿದ.

ಇದರಿಂದ ನನಗಾದ ಶಿಕ್ಷೆ ಇಷ್ಟು: ಯಾರೂ ನನ್ನ ಮೇಲೆ ಸಿಟ್ಟಾಗಲಿಲ್ಲ, ಆದರೆ ಎಲ್ಲರೂ ನನಗೆ ಸರದಿ ಕೊಡುವುದನ್ನು ನಿಲ್ಲಿಸಿದರು. ತಪ್ಪು ಬಸ್ಸು ಹತ್ತುವುದಕ್ಕೆ, ಅಜ್ಜಿಯ ಕೈಯಲ್ಲಿ ಸೋಲುವುದಕ್ಕೆ ಬೇರೊಬ್ಬರನ್ನು ಯಾಕೆ ಕಳಿಸಬೇಕು, ಅಷ್ಟನ್ನು ನಾವೇ ಮಾಡಬಹುದಲ್ಲ ಎಂದು ಜನಕ್ಕೆ ಅನ್ನಿಸಿಬಿಟ್ಟಿತ್ತು. ಮಂಡಿಗೆ ಎಣ್ಣೆ ತಿಕ್ಕಿಕೊಂಡು ಬೆಳಿಗ್ಗೆ ಸೇತುವೆಯವರೆಗೆ ನಡೆದು ಅಭ್ಯಾಸ ಮಾಡುವವರ ಸಾಲೇ ಕಾಣತೊಡಗಿತು.

ಅದೇ ಹೊತ್ತಿಗೆ ನನ್ನದೇ ಸ್ವಂತ ಸರದಿ ಬಂತು. ಇನ್ನು ಜೀವಮಾನದಲ್ಲಿ ನನಗೆ ಉಳಿದದ್ದು ಅದೊಂದೇ. ಯಾವ ದೇಶವೆಂದು ಬಹಳ ದಿನ ಲೆಕ್ಕ ಹಾಕಿದೆ, ಚಿಲಿ ಎಂದು ನಿಶ್ಚಯವೂ ಮಾಡಿದ್ದೆ. ಪೋಸ್ಟಾಫೀಸಿನಲ್ಲಿ ಜಬ್ಬಾರ್ ಸಾಹೇಬರು ಕನ್ನಡಕ ಏರಿಸಿ ಪುಸ್ತಕ ತೆಗೆದರು.

“ಹೇಳಿ ಕೆಂಪರಾಜು, ಏನಂತ ಬರೀಲಿ?”

ಬಾಯಿಗೆ ಬೇರೆಯೇ ಬಂತು. “ಜಯಶೀಲಾ ಅಂತ ಬರೀರಿ.”

“ಅದು ಯಾವ ಖಂಡದಲ್ಲಿದೆ?”

“ಹೋಗೋರ ಹೆಸರು ಸಾಹೇಬರೇ.”

ಅವರು ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು, ಆಮೇಲೆ ನಿಧಾನವಾಗಿ, ಅಕ್ಷರ ಕೂಡಿಸಿ ಬರೆದರು.

ಮನೆಯಲ್ಲಿ ಸುದ್ದಿ ಹೇಳಿದರೆ ಜಯಶೀಲಾ ಸಿಟ್ಟಾದಳು. “ನನ್ನನ್ನ ಒಂದು ಮಾತು ಕೇಳಿದ್ರಾ? ನಲವತ್ತು ದಿನ ಈ ಮನೆ ಯಾರು ನೋಡ್ಕೋತಾರೆ? ಅಕ್ಕಿ ಡಬ್ಬ ಎಲ್ಲಿದೆ ಅಂತಾನಾದ್ರೂ ಗೊತ್ತಾ ನಿಮಗೆ?” ಗೊತ್ತಿರಲಿಲ್ಲ. ಅವಳು ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತ ತೊಳೆದಳು. ಸ್ವಲ್ಪ ಹೊತ್ತಾದ ಮೇಲೆ ಸದ್ದು ನಿಂತಿತು. ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತು, “ಯಾವ ದೇಶ ಚೆನ್ನಾಗಿದೆ?” ಎಂದಳು.

“ನನಗೆ ಗೊತ್ತಿಲ್ಲ.”

“ಹದಿನಾಲ್ಕು ಸಲ ಹೋಗಿ ಬಂದು ಗೊತ್ತಿಲ್ವಾ?”

“ಇಲ್ಲ ಕಣೇ.”

ಅವಳು ವಿಯೆಟ್ನಾಂ ಆರಿಸಿಕೊಂಡಳು. ಯಾಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಲವತ್ತು ದಿನದಲ್ಲಿ ಒಂದು ಕಾರ್ಡು ಬಂತು, ಅದರಲ್ಲಿ ಇದ್ದದ್ದು “ಗ್ಯಾಸ್ ಆಫ್ ಮಾಡಿ ಮಲಗಿ” ಅಂತ. ಜಬ್ಬಾರ್ ಸಾಹೇಬರು ಅದನ್ನೂ ಮೆಟ್ಟಿಲ ಮೇಲೆ ನಿಂತು ಊರಿಗೆಲ್ಲ ಓದಿದರು.

ಬಂದ ಮೂರನೆಯ ದಿನ ಬಯಲಿನಲ್ಲಿ ಅವಳು ಎರಡೇ ಮಾತು ಹೇಳಿ ಕೂತುಬಿಟ್ಟಳು: ಚೆನ್ನಾಗಿತ್ತು, ಕಾಲು ನೋವಿದೆ. ಜನ ಬೇಜಾರು ಮಾಡಿಕೊಂಡು ಎದ್ದರು. ಮನೆಯಲ್ಲಿ ಮಾತ್ರ, ಕೇಳಿದಾಗಲ್ಲ, ಅವಳಿಗೆ ತೋಚಿದಾಗ, ಒಂದೊಂದು ತುಣುಕು ಹೊರಗೆ ಬರುತ್ತದೆ. ಬಟ್ಟೆ ಮಡಚುವಾಗ ಒಂದು, ಹೂ ಕಟ್ಟುವಾಗ ಒಂದು. ನಾನು ಬ್ರಶ್ಶು ಕೆಳಗಿಟ್ಟು ಕಾಯುತ್ತೇನೆ. ನಡುವೆ ಬಾಯಿ ಹಾಕಿದರೆ ನಿಲ್ಲಿಸಿಬಿಡುತ್ತಾಳೆ.

ಮೊನ್ನೆ ಅಡುಗೆಮನೆಯಲ್ಲಿ ಬೇಳೆ ತೊಳೆಯುತ್ತ ಹೇಳಿದಳು, “ಅಲ್ಲಿ ರಸ್ತೆ ತುಂಬ ಸ್ಕೂಟರು ಕಣ್ರೀ, ಜೇನುಹುಳದ ಹಾಗೆ. ಬಿಡುವೇ ಇಲ್ಲ. ಮೊದಲನೇ ದಿನ ಒಂದು ಗಂಟೆ ಈ ಕಡೇನೇ ನಿಂತಿದ್ದೆ, ದಾಟೋಕಾಗದೆ ಅಳು ಬಂತು. ಒಬ್ಬಳು ತರಕಾರಿ ಬುಟ್ಟಿಯವಳು ಬಂದು ಕೈ ಹಿಡ್ಕೊಂಡಳು. ನಿಲ್ಲಬಾರದು, ಓಡಬಾರದು, ಒಂದೇ ಸಮ ನಡೀತಾ ಇರಬೇಕು. ಅವರೇ ಸುತ್ತ ಬಳಸಿಕೊಂಡು ಹೋಗ್ತಾರೆ. ಇಪ್ಪತ್ತನೇ ದಿನ ಹೊತ್ತಿಗೆ ನಾನೇ ಒಬ್ಬ ದೊಡ್ಡ ಆಳನ್ನ, ಯಾವ ದೇಶದವನೋ, ಆ ಕಡೆ ನಿಂತು ಹೆದರ್ಕೋತಿದ್ದ, ಕೈ ಹಿಡ್ಕೊಂಡು ದಾಟಿಸಿದೆ.”

ಹೇಳುತ್ತ ಹೇಳುತ್ತ ಒದ್ದೆ ಕೈಯನ್ನು ಮುಂದೆ ಚಾಚಿದ್ದಳು, ಆ ಆಳಿನ ಕೈ ಈಗಲೂ ಅದರಲ್ಲಿದೆಯೇನೋ ಎನ್ನುವ ಹಾಗೆ. ಅವಳ ಮುಖದಲ್ಲಿ ನಾನು ಕಾಣದ ಒಂದು ಬೀದಿಯ ಬಿಸಿಲಿತ್ತು. ನಮ್ಮೂರಿನಲ್ಲಿ ಯಾರು ಬೇಕಾದರೂ ಬಂದು ಕೇಳಲಿ, ನಾನು ನೋಡಿದ ಹದಿನಾಲ್ಕರಲ್ಲಿ ಇಲ್ಲದ ಆ ದೇಶವೇ ಈಗ ನನಗೆ ಎಲ್ಲಕ್ಕಿಂತ ಇಷ್ಟ.

“ದಾಟಿದ ಮೇಲೆ ಅವನೇನಂದ?” ಎಂದು ಕೇಳಿದೆ.

“ಇರಿ, ಕುಕ್ಕರ್ ಇಡ್ತೀನಿ” ಅಂದಳು. ಮೂರು ಸೀಟಿ ಆಗುವವರೆಗೆ ನಾನು ಹೊಸ್ತಿಲ ಮೇಲೆ ಕೂತು ಕಾದೆ.